ಅರವತ್ತೊಂದು ಸುತ್ತಿನ ಪುಸ್ತಕ

ನಾನು ಕೊಳ್ಳೇಗಾಲದ ಕಡೆಯ ಹೆಣ್ಣು, ಮಾಲತಿ ಅಂತ ಹೆಸರು. ಕನ್ನಡದಲ್ಲೇ ಹತ್ತನೇ ಕ್ಲಾಸು ಪಾಸು ಮಾಡಿ, ತೊಂಬತ್ತೊಂದರಲ್ಲಿ ಸೇಲಂಗೆ ಸೊಸೆಯಾಗಿ ಬಂದೆ. ಗುಗೈ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ಮನೆಮನೆಗೂ ಕನ್ನಡದ ಮಾತು, ಆದರೆ ಕನ್ನಡದ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. ಓದು ಬರಹ ಎಲ್ಲ ತಮಿಳಿನಲ್ಲಿ. ನನಗೆ ತವರಿನಿಂದ ಕಾಗದ ಬಂದರೆ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ನನ್ನ ಕೈಗೆ ಕೊಡುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ನಾನು ಮೊದಲ ಮೂರು ವರ್ಷ ಈ ಬೀದಿಯಲ್ಲಿ ಬಹಳ ಮೆರೆದೆ. ಆ ಮೆರೆತ ಇಳಿಸಿದವರು ನನ್ನ ಗಂಡನ ದೊಡ್ಡಮ್ಮ ಸಿದ್ದಲಕ್ಷ್ಮಮ್ಮ. ನಾನು ಅವರನ್ನು ದೊಡ್ಡತ್ತೆ ಅನ್ನುತ್ತೇನೆ. ಅವರ ವಿಷಯ ಹೇಳಲು ಯಾರಾದರೂ ಕೇಳಿದರೆ ನಾನು ಒಲೆಯ ಮೇಲಿನ ಸಾರನ್ನೂ ಮರೆಯುತ್ತೇನೆ.

ದೊಡ್ಡತ್ತೆಗೆ ಆಗ ಐವತ್ತೆರಡು ವರ್ಷ. ತಮಿಳು ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ಗಂಡ ಪೊನ್ನುಸ್ವಾಮಿ ಮಗ್ಗದಲ್ಲಿ ರೇಷ್ಮೆ ಪಂಚೆ ನೇಯುತ್ತಿದ್ದರು, ಇವರು ರಾಟೆಯಲ್ಲಿ ನೂಲು ಸುತ್ತಿ ಲಾಳಿಯೊಳಗೆ ಇಡುವ ಕಂಡಿಕೆ ಮಾಡಿಕೊಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಹೆಂಗಸರು ಏಳೆಂಟು ಜನ ರಾಟೆ ಎತ್ತಿಕೊಂಡು ಇವರ ಜಗುಲಿಗೆ ಬರುವುದು ವಾಡಿಕೆ. ಕಂಡಿಕೆ ಸುತ್ತುವುದು ಕೈಯ ಕೆಲಸ, ಕಿವಿಗೆ ಅಲ್ಲಿ ಏನೂ ಕೆಲಸವಿಲ್ಲ. ಹಾಗಾಗಿ ದೊಡ್ಡತ್ತೆ ರಾಟೆ ಬಿಟ್ಟು ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು, ಅವರ ಪಾಲಿನ ಕಂಡಿಕೆಯನ್ನು ಉಳಿದವರು ಹಂಚಿಕೊಂಡು ಸುತ್ತಿಕೊಡುವುದು. ಅವರು ತಮಿಳಿನಲ್ಲಿ ಒಂದು ಪುಟ ಓದಿ, ಮನೆಮಾತಿನಲ್ಲಿ ಅದಕ್ಕೆ ನಾಲ್ಕು ಬೈಗುಳ ಸೇರಿಸಿ ವಿವರಿಸುತ್ತಿದ್ದರು. ನನಗಂತೂ ಪುಸ್ತಕಕ್ಕಿಂತ ಆ ಬೈಗುಳವೇ ರುಚಿ.

ತೊಂಬತ್ತನಾಲ್ಕರ ಜನವರಿಯಲ್ಲಿ ನಮ್ಮ ಬೀದಿಯ ತುದಿಯ ಶಾಖಾ ಗ್ರಂಥಾಲಯದಲ್ಲಿ ಒಂದು ನೋಟೀಸು ಅಂಟಿಸಿದರು. ಲೈಬ್ರರಿಯನ್ ಈಶ್ವರನ್ ಅಂತ, ತಮಿಳಿನವರು, ನಿಯಮ ಎಂದರೆ ನಿಯಮ ಅನ್ನುವ ಮನುಷ್ಯ. ತಿಂಗಳಿಗೊಂದು ಬಗೆಯ ಪುಸ್ತಕ: ಒಂದು ತಿಂಗಳು ಪ್ರವಾಸ, ಒಂದು ತಿಂಗಳು ಪತ್ತೇದಾರಿ, ಒಂದು ತಿಂಗಳು ಅಡುಗೆ, ಹೀಗೆ ಹನ್ನೆರಡು. ತಿಂಗಳ ಮೊದಲ ವಾರ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಕೊನೆಯ ಭಾನುವಾರ ಸಂಜೆ ಎಲ್ಲರ ಮುಂದೆ ನಿಂತು ಆ ಪುಸ್ತಕದ ಬಗ್ಗೆ ಮಾತಾಡಬೇಕು. ಒಂದು ತಿಂಗಳು ತಪ್ಪಿದರೂ ಹೊರಗೆ. ಹನ್ನೆರಡೂ ಮುಗಿಸಿದವರ ಹೆಸರನ್ನು ವರಾಂಡದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ.

ಹೆಸರು ಕೊಟ್ಟವರು ನಲವತ್ತಮೂರು ಜನ. ಕಾಲೇಜಿನವರು, ಮೇಷ್ಟರುಗಳು, ಬ್ಯಾಂಕಿನ ಗುಮಾಸ್ತರು. ದೊಡ್ಡತ್ತೆ ಚೀಟಿ ಕೊಡಲು ಹೋದಾಗ ಯಾರೋ ಒಬ್ಬರು, ಮಗನ ಪರವಾಗಿ ಬಂದಿದ್ದೀರಾ ಅಂತ ಕೇಳಿದರಂತೆ. ಏಪ್ರಿಲಿನ ಪತ್ತೇದಾರಿ ತಿಂಗಳಲ್ಲಿ ಕೊಲೆಗಾರ ಯಾರು ಅಂತ ತಿಳಿಯುವ ಆತುರಕ್ಕೆ ಜಗುಲಿಯ ಹೆಂಗಸರು ಸುತ್ತಿದ ಕಂಡಿಕೆಯೆಲ್ಲ ಸಡಿಲವಾಗಿ, ಗಂಡಸರು ಕಾಲು ಇಳಿಬಿಟ್ಟು ಕುಳಿತ ಮಗ್ಗದ ಗುಂಡಿಯಿಂದಲೇ ಕೂಗಾಡಿದರು. ಜುಲೈಯಲ್ಲಿ ಅಡುಗೆ ಪುಸ್ತಕ ಹಿಡಿದು ವೇದಿಕೆ ಹತ್ತಿ, ಇದರ ಹುಳಿಯನ್ನಕ್ಕೆ ಉಪ್ಪೇ ಹಾಕಿಲ್ಲ, ಬರೆದವರು ಒಮ್ಮೆಯೂ ಮಾಡಿ ತಿಂದಿಲ್ಲ ಅಂತ ಹೇಳಿ ಬಂದರು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನಲವತ್ತಮೂರರಲ್ಲಿ ಉಳಿದವರು ಆರು ಜನ. ಆ ಆರರಲ್ಲಿ ಹೆಂಗಸು ಇವರೊಬ್ಬರೇ, ಮಗ್ಗದ ಮನೆಯವರೂ ಇವರೊಬ್ಬರೇ. ಹಲಗೆಯ ಮೇಲೆ ತಮ್ಮ ಹೆಸರು ಬರಬೇಕು ಅನ್ನುವ ಆಸೆ ಅವರಿಗೆ ಎಷ್ಟಿತ್ತೆಂದರೆ, ಆ ಕಡೆ ಹೋದಾಗಲೆಲ್ಲ ಹಲಗೆಯಲ್ಲಿ ಎಷ್ಟು ಜಾಗ ಉಳಿದಿದೆ ಅಂತ ನೋಡಿ ಬರುತ್ತಿದ್ದರು.

ಅಕ್ಟೋಬರಿನದು ಚರಿತ್ರೆ. ನಮ್ಮ ಗ್ರಂಥಾಲಯದಲ್ಲಿ ಚರಿತ್ರೆ ಅಂದರೆ ಒಂದೇ ಬೀರು. ದೊಡ್ಡತ್ತೆ ಮೊದಲ ದಿನವೇ ಹೋಗಿ ಮೂರು ಪುಸ್ತಕ ತಂದು ಜಗುಲಿಯಲ್ಲಿ ಪರೀಕ್ಷೆಗೆ ಇಟ್ಟರು. ಒಂದು ಚೋಳರದು. ಅದರಲ್ಲಿ ರಾಜರ ಬಿರುದುಗಳು ಗೂಡ್ಸ್ ರೈಲಿನಷ್ಟು ಉದ್ದ, ಎರಡು ಪುಟ ಕೇಳುವಷ್ಟರಲ್ಲಿ ಇಬ್ಬರು ತೂಕಡಿಸಿದರು. ಇನ್ನೊಂದು ಯಾವುದೋ ಕೋಟೆಯ ಯುದ್ಧದ್ದು, ಸತ್ತವರ ಲೆಕ್ಕವೇ ಮುಗಿಯದು. ಮೂರನೆಯದು ಶಾಸನಗಳದು, ಅದನ್ನು ಓದಿದ ದೊಡ್ಡತ್ತೆಗೇ ಅರ್ಥವಾಗಲಿಲ್ಲ. ಒಂಬತ್ತು ತಿಂಗಳು ಜನರೆದುರು ನಿಂತು ಎದೆ ತಟ್ಟಿ ಮಾತಾಡಿದವರಿಗೆ ಈ ಮೂರರಲ್ಲಿ ಒಂದರ ಬಗ್ಗೆಯೂ ಐದು ನಿಮಿಷ ಮಾತಾಡುವಷ್ಟು ಮನಸ್ಸು ಬರಲಿಲ್ಲ.

ಆಗ ಬಾಯಿ ಹಾಕಿದವರು ಚೆಲ್ಲಮ್ಮಜ್ಜಿ. ಪೊನ್ನುಸ್ವಾಮಿಯವರ ಸೋದರತ್ತೆ, ಅರವತ್ತೆಂಟು ವರ್ಷ, ಗಂಡ ತೀರಿಕೊಂಡ ಮೇಲೆ ಇದೇ ಮನೆಗೆ ಬಂದು ನೆಲೆಸಿದವರು.

"ಚರಿತ್ರೆ ಉಡ್ಕಂಡು ನೂಲಗಂಗೆ ಯಾಕೆ ಓಗ್ತೀಯೆ? ನಮ್ ಪೂಜೆ ಮನೇಲೇ ಐತಲ್ಲ."

ನೂಲಗಂ ಅಂದರೆ ತಮಿಳಿನಲ್ಲಿ ಗ್ರಂಥಾಲಯ. ಅವರು ಹೇಳಿದ್ದು ದೇವರ ಗೂಡಿನಲ್ಲಿದ್ದ ಗಂಟಿನ ಬಗ್ಗೆ. ಅದು ನೋಡಲು ಒಂದು ದಿಂಬಿನಷ್ಟಿತ್ತು. ಒಳಗೆ ಪುಸ್ತಕವಿದೆ, ಅದು ಕನ್ನಡದ್ದು, ನಮ್ಮ ಕುಲದವರು ಹಂಪೆಯಿಂದ ಇಲ್ಲಿಗೆ ಬಂದ ಚರಿತ್ರೆ ಅದರಲ್ಲಿದೆ ಅಂತ ಇಡೀ ಬೀದಿಯ ನಂಬಿಕೆ. ಅದನ್ನು ಯಾರೂ ಬಿಚ್ಚಿ ನೋಡಿದವರಲ್ಲ. ಆ ಮನೆಯ ಪದ್ಧತಿ ಹಾಗಿತ್ತು: ಪ್ರತಿ ವರ್ಷ ಆಯುಧಪೂಜೆಗೆ ಆ ವರ್ಷ ತಮ್ಮ ಮಗ್ಗದಲ್ಲಿ ನೇಯ್ದ ಬಟ್ಟೆಯ ಒಂದು ತುಂಡನ್ನು ಆ ಪುಸ್ತಕಕ್ಕೆ ಸುತ್ತಬೇಕು. ಹಳೆಯದನ್ನು ತೆಗೆಯುವಂತಿಲ್ಲ, ಅದರ ಮೇಲೆಯೇ ಸುತ್ತಬೇಕು. ಬೀದಿಯಲ್ಲಿ ಮದುವೆ ಮಾತು ಬಂದರೂ ಮೊದಲು ಆ ಗಂಟಿಗೆ ಅರಿಶಿನ ಇಟ್ಟು ಬರುತ್ತಿದ್ದರು.

ದೊಡ್ಡತ್ತೆ ಮಾರನೆಯ ದಿನವೇ ಚೀಟಿಯಲ್ಲಿ 'ನಮ್ಮ ಕುಲದ ಚರಿತ್ರೆ' ಅಂತ ಬರೆದು ಈಶ್ವರನ್ ಕೈಗೆ ಕೊಟ್ಟು ಬಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಪುಸ್ತಕದ ಮುಖ ನೋಡುವ ಮುಂಚೆ ಹೆಸರು ಕೊಟ್ಟಾಯಿತು. ಸುದ್ದಿ ಹಬ್ಬಿತು. ಮೆಟ್ಟೂರಿನ ನೆಂಟರು, ಹರೂರಿನ ಬೀಗರು, ಕಡಯಂಪಟ್ಟಿಯ ಅಂಗಡಿಯವರು ಎಲ್ಲರೂ ಆ ಭಾನುವಾರ ಬರುತ್ತೇವೆ ಅಂದರು. ನಮ್ಮ ನೇಕಾರರ ಸೊಸೈಟಿಯ ಹಿರಿಯ ಮಾರಿಯಪ್ಪನವರು ಟೀ ಅಂಗಡಿಯಲ್ಲಿ ಕುಳಿತು ಹಂಪೆಯ ರಾಜನ ಪಂಚೆಗೆ ಅಂಚು ಹಾಕಿದವರು ನಮ್ಮ ತಾತನ ತಾತ ಅಂತ ಶುರು ಮಾಡಿದರು. ಪೊನ್ನುಸ್ವಾಮಿ ದೊಡ್ಡಪ್ಪ ಮಾತ್ರ ಗಂಟು ಬಿಚ್ಚುವುದಕ್ಕೆ ಎರಡು ದಿನ ಒಪ್ಪಲಿಲ್ಲ. ಕೊನೆಗೆ ದೊಡ್ಡತ್ತೆಯೇ ದಾರಿ ಹುಡುಕಿದರು. ಆಯುಧಪೂಜೆಯ ದಿನ ಎಂದಿನಂತೆ ಒಂದು ಸುತ್ತು ಸುತ್ತೋಣ, ಮಾರನೆಯ ದಿನ ವಿಜಯದಶಮಿ, ಅಂದು ಪೂಜೆಗಿಟ್ಟ ಪುಸ್ತಕ ಎತ್ತಿ ಓದಲೇಬೇಕಲ್ಲ ಅಂದರು. ದೊಡ್ಡಪ್ಪ ಎದ್ದು ಆ ವರ್ಷದ ತುಂಡು ಕತ್ತರಿಸಲು ಹೋದರು.

ವಿಜಯದಶಮಿಯ ಬೆಳಿಗ್ಗೆ ಜಗುಲಿಯ ತುಂಬ ಜನ. ದೊಡ್ಡತ್ತೆ ಮಿಂದು, ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಸುತ್ತು ಬಿಡಿಸಿದರು. ನಾನು ಪಕ್ಕದಲ್ಲಿ ಕುಳಿತು ಎಣಿಸಿದೆ. ಮೊದಲಿನ ಇಪ್ಪತ್ತು ಸುತ್ತು ಬಿಳಿ ರೇಷ್ಮೆ. ಆಮೇಲೆ ಬಣ್ಣದ ಹತ್ತಿ ಸೀರೆಯ ತುಂಡುಗಳು. ಮೂವತ್ತೈದನೆಯದಕ್ಕೆ ಬಂದಾಗ ದೊಡ್ಡತ್ತೆಯ ಕೈ ನಿಂತಿತು. ಕೆಂಪಂಚಿನ ಬಟ್ಟೆ, ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ದಪ್ಪ ಗಂಟು. "ಇದು ನಾನು ಮದ್ವೆ ಆಗಿ ಬಂದ ವರ್ಸದ್ದು. ಈ ಗಂಟೆಲ್ಲ ನನ್ ಕೈದೇ," ಅಂದರು. ಆಗ ಅವರಿಗೆ ಹದಿನೆಂಟು ವರ್ಷ, ಕಂಡಿಕೆ ಸರಿಯಾಗಿ ಸುತ್ತಲು ಬರುತ್ತಿರಲಿಲ್ಲವಂತೆ. ಇನ್ನೂ ಒಳಗೆ ಹೋದಂತೆ ಯುದ್ಧಕಾಲದ ಗೋಣಿಯಂಥ ಒರಟು ಬಟ್ಟೆ ಬಂತು. ನೂಲು ಸಿಗದ ಆ ವರ್ಷಗಳಲ್ಲಿ ತಮ್ಮಪ್ಪ ಹಳೆಯ ನೂಲನ್ನೇ ಬಿಚ್ಚಿ ನೇಯ್ದದ್ದನ್ನು ದೊಡ್ಡಪ್ಪ ನೆನಪಿಸಿಕೊಂಡರು. ಅರವತ್ತೊಂದನೆಯ ತುಂಡು ಅರ್ಧ ನೇಯ್ದದ್ದು. ಒಂದು ಕಡೆ ಬಟ್ಟೆ, ಇನ್ನೊಂದು ಕಡೆ ಬರೀ ಎಳೆಗಳು. ನೇಯುತ್ತಿದ್ದವರು ಮಗ್ಗದಿಂದ ಎದ್ದು ಮತ್ತೆ ಬಂದಿರಲಿಲ್ಲ.

ಪುಸ್ತಕ ಕೈಗೆ ಬಂತು. ತೆಳ್ಳಗೆ, ಅಂಗೈ ಅಗಲ. ಮೇಲಿನ ರಟ್ಟು ಹೋಗಿತ್ತು. ಓದಲು ಬರುವವಳು ನಾನೊಬ್ಬಳೇ ಆದ್ದರಿಂದ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಪುಟ ತಿರುಗಿಸಿದೆ. ಅ ಅಂದರೆ ಅರಸ, ಆ ಅಂದರೆ ಆಡು. ಮುಂದೆ ಪಾಠಗಳು, ಹಸು, ಹೊಲ, ಹಬ್ಬ. ಅದು ಮಕ್ಕಳ ಒಂದನೇ ಪುಸ್ತಕ. ಹಂಪೆಯೂ ಇರಲಿಲ್ಲ, ರಾಜನೂ ಇರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ನಾನು ಹೇಳಿದೆ. ಹೇಳುವಾಗ ನನಗೆ ನಗು ಬಂತು, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಸಂಜೆ ಮಾರಿಯಪ್ಪನವರು ಮತ್ತೆ ಬಂದರು. ಅವರ ಯೋಚನೆ ಸರಳವಾಗಿತ್ತು. ಗ್ರಂಥಾಲಯದಲ್ಲಿ ಕನ್ನಡ ಓದುವವರು ಯಾರಿದ್ದಾರೆ? ಪುಸ್ತಕ ತೆರೆದು ಹಿಡಿದು, ಹಂಪೆಯಿಂದ ಕುದುರೆ ಏರಿ ಬಂದೆವು ಅಂತ ಹೇಳಿಬಿಟ್ಟರೆ ಯಾರು ಕೇಳುತ್ತಾರೆ? ಇಲ್ಲದಿದ್ದರೆ ಅಕ್ಟೋಬರ್ ತಪ್ಪಿತು, ಹೆಸರೂ ಹೋಯಿತು, ಬೀದಿಯ ಮಾನವೂ ಹೋಯಿತು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಕಥೆಯನ್ನು ನಾನೇ ಚೆನ್ನಾಗಿ ಬರೆದುಕೊಡುತ್ತೇನೆ, ಬಾಯಿಪಾಠ ಮಾಡಿ ಸಾಕು ಅಂದೆ. ದೊಡ್ಡತ್ತೆ ಆ ಅರ್ಧ ನೇಯ್ದ ತುಂಡನ್ನು ಬೆರಳಲ್ಲಿ ಸವರುತ್ತಿದ್ದರು.

"ಒಂಬತ್ತು ತಿಂಗ್ಳು ಓದಿ ಮಾತಾಡಿವ್ನಿ. ಈಗ ಓದ್ದೇ ಮಾತಾಡಿದ್ರೆ ಆ ಒಂಬತ್ತೂ ಸುಳ್ಳಾಯ್ತದೆ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮಾಲ್ತಿ, ನಿಂಗೆ ಬರೆಯಾಕೆ ಅಷ್ಟು ಚೆಂದಾಗಿ ಬಂದ್ರೆ ನಂಗೆ ಅಕ್ಷರ ಏಳ್ಕೊಡು. ಅದೇನೈತೋ ಅದ್ನೇ ಓದ್ತೀನಿ."

ಉಳಿದದ್ದು ಹದಿನಾರು ದಿನ. ಬೆಳಿಗ್ಗೆ ಹಿಟ್ಟು ರುಬ್ಬುವಾಗ, ಮಧ್ಯಾಹ್ನ ಜಗುಲಿಯಲ್ಲಿ, ಸಂಜೆ ಕೊಳಾಯಿ ಸಾಲಿನಲ್ಲಿ ನಿಂತಾಗ ಕೂಡ ಪಾಠ. ಮಾತು ಗೊತ್ತಿದ್ದವರಿಗೆ ಅಕ್ಷರ ಹತ್ತುವುದು ಎಷ್ಟು ಬೇಗ ಅಂತ ನಾನು ಕಣ್ಣಾರೆ ಕಂಡೆ. ಆದರೂ ಒತ್ತಕ್ಷರ ಬಂದಾಗ ಅವರಿಗೆ ತಲೆ ಬಿಸಿ. ತಮಿಳಿನಲ್ಲಿ ಎಲ್ಲ ಅಕ್ಷರವೂ ಒಂದೇ ಸಾಲಿನಲ್ಲಿ ಕೂರುತ್ತವೆ, ನಿಮ್ಮದರಲ್ಲಿ ಒಂದರ ಕಾಲ ಕೆಳಗೆ ಇನ್ನೊಂದು ಯಾಕೆ ಜೋತುಬಿದ್ದಿದೆ ಅಂತ ನನ್ನನ್ನೇ ಬೈದರು, ನಾನೇ ಅದನ್ನು ಕಟ್ಟಿದವಳೇನೋ ಅನ್ನುವ ಹಾಗೆ. ನಾನು ಒಮ್ಮೆ ಸಹನೆ ಕಳೆದುಕೊಂಡು ಗದರಿದೆ. ಆ ದಿನ ಅವರು ನನಗೆ ಬಡಿಸಿದ ಸಾರಿನಲ್ಲಿ ಉಪ್ಪಿರಲಿಲ್ಲ.

ನಾಲ್ಕನೆಯ ದಿನ ಅವರ ಕಣ್ಣಿಗೆ ಬಿದ್ದದ್ದನ್ನು ನಾನು ಅಹಂಕಾರದಲ್ಲಿ ನೋಡಿಯೇ ಇರಲಿಲ್ಲ. ಪ್ರತಿ ಪಾಠದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಏನೋ ಬರೆದಿತ್ತು. 'ಆಯ್ತು' ಅಂತ, ಅದರ ಕೆಳಗೆ ತಾರೀಕು. ಕೊನೆಯ ಹಾಳೆಯ ಹಿಂದೆ ಅದೇ ಕೈಯಲ್ಲಿ ನಾಲ್ಕು ಸಾಲಿತ್ತು. ದೊಡ್ಡತ್ತೆಯೇ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ರೇಷ್ಮೆ ಕೊಳ್ಳಲು ಕೊಳ್ಳೇಗಾಲಕ್ಕೆ ಹೋದಾಗ ಮಾದಯ್ಯ ಕೊಂಡದ್ದು. ನಮ್ಮ ಬೀದಿಯ ಮಕ್ಕಳಿಗೆ ನಮ್ಮ ಅಕ್ಷರ ಮರೆತು ಹೋಗಬಾರದು. ಕೆಳಗೆ ಆರು ಮಕ್ಕಳ ಹೆಸರು, ವಯಸ್ಸು. ಆರನೆಯದು 'ಚೆಲ್ಲಮ್ಮ, ಏಳು ವರ್ಷ'.

ಮಾದಯ್ಯ ಅಂದರೆ ದೊಡ್ಡಪ್ಪನ ತಾತ, ಚೆಲ್ಲಮ್ಮಜ್ಜಿಯ ಅಪ್ಪ. ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. ಅಪ್ಪ ದಿನಾ ಮಗ್ಗದಿಂದ ಎದ್ದು ಜಗುಲಿಯಲ್ಲಿ ಮಕ್ಕಳನ್ನು ಕೂರಿಸಿ ಏನೋ ಹೇಳಿಸುತ್ತಿದ್ದದ್ದು ಅವರಿಗೆ ನೆನಪಿತ್ತು, ಅದು ದೇವರ ಮಂತ್ರ ಅಂದುಕೊಂಡಿದ್ದರಂತೆ. ತಪ್ಪಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಮಾದಯ್ಯನವರು ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಜ್ವರದಿಂದ ತೀರಿಹೋದರು. ಅವರ ಹೆಂಡತಿ ಮಗ್ಗದ ಮೇಲೆ ಉಳಿದಿದ್ದ ಬಟ್ಟೆ ಕತ್ತರಿಸಿ, ಗಂಡ ಮುಟ್ಟುತ್ತಿದ್ದ ಪುಸ್ತಕಕ್ಕೆ ಸುತ್ತಿ ದೇವರ ಗೂಡಿನಲ್ಲಿಟ್ಟರು. ಮರುವರ್ಷ ಮಗ ಇನ್ನೊಂದು ಸುತ್ತು ಸುತ್ತಿದ. ಓದಲಿ ಅಂತ ತಂದದ್ದನ್ನು ಭಕ್ತಿಯಿಂದಲೇ ಮುಚ್ಚಿಟ್ಟರು. ಪುಸ್ತಕದಲ್ಲಿದ್ದದ್ದು ಹದಿನೆಂಟು ಪಾಠ. ಪೆನ್ಸಿಲಿನ 'ಆಯ್ತು' ಇದ್ದದ್ದು ಹದಿನೇಳಕ್ಕೆ.

ಶನಿವಾರಕ್ಕೆ ದೊಡ್ಡತ್ತೆ ಹದಿನೇಳು ಮುಗಿಸಿದರು. ಹದಿನೆಂಟನ್ನು ಒಮ್ಮೆ ನನ್ನ ಮುಂದೆ ಓದಿ ನೋಡಿ ಅಂತ ಎಷ್ಟು ಬೇಡಿಕೊಂಡರೂ ಪುಸ್ತಕ ಮುಚ್ಚಿ ಎದ್ದುಬಿಟ್ಟರು. ಅದನ್ನು ಅಲ್ಲೇ, ಎಲ್ಲರ ಮುಂದೆ ಓದುತ್ತೇನೆ ಅಂದರು.

ಭಾನುವಾರ ಅಕ್ಟೋಬರ್ ಮೂವತ್ತು. ಗ್ರಂಥಾಲಯದ ಹಾಲಿನಲ್ಲಿ ನಿಲ್ಲಲು ಜಾಗವಿಲ್ಲ. ಮುಂದೆ ಓದುಗರು, ಹಿಂದೆ ಗೋಡೆಗೆ ಒತ್ತಿಕೊಂಡು ನಮ್ಮ ಬೀದಿಯವರು. ಮಾರಿಯಪ್ಪನವರು ಬಾಗಿಲ ಹತ್ತಿರವೇ ನಿಂತಿದ್ದರು, ಅವಮಾನವಾದರೆ ಮೊದಲು ಹೊರಗೆ ಹೋಗಲು. ಐದು ಜನ ಚೋಳರನ್ನೂ ಕೋಟೆಗಳನ್ನೂ ಮುಗಿಸಿದ ಮೇಲೆ ದೊಡ್ಡತ್ತೆ ಎದ್ದರು. ಅರವತ್ತೊಂದು ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ತಮಿಳಿನಲ್ಲಿ ಶುರು ಮಾಡಿದರು. ಕುಲದ ಚರಿತ್ರೆ ಓದುತ್ತೇನೆ ಅಂತ ಚೀಟಿ ಕೊಟ್ಟೆ, ನೋಡದೆ ಬರೆದೆ, ತಪ್ಪು ನನ್ನದು. ಇದು ಮಕ್ಕಳ ಪುಸ್ತಕ. ಅವರು ಹಾಗೇ ಮುಂದುವರಿಸಿದರು. ಪುಸ್ತಕ ಯಾರು ತಂದರು, ಯಾಕೆ ತಂದರು, ಎಲ್ಲಿಗೆ ನಿಂತಿತು. ಒಂದೊಂದೇ ಬಟ್ಟೆ ಎತ್ತಿ ಹಿಡಿದು, ಇದು ನೂಲಿಲ್ಲದ ವರ್ಷ, ಇದು ನಾನು ಬಂದ ವರ್ಷ, ನನ್ನ ಕೈಯ ಗಂಟು ನೋಡಿ, ಇದು ನಾವು ಮತ್ತೆ ರೇಷ್ಮೆಗೆ ತಿರುಗಿದ ವರ್ಷ ಅಂದರು. ಅರ್ಧ ನೇಯ್ದ ತುಂಡನ್ನು ಎತ್ತಿ, ಎರಡೂ ಕಡೆಗೆ ತಿರುಗಿಸಿ ಹಿಡಿದು ತೋರಿಸಿದರು.

ಈಶ್ವರನ್ ರಿಜಿಸ್ಟರು ತೆರೆದು, ಪುಸ್ತಕವನ್ನು ಪೂರ್ತಿ ಓದಿದ್ದೀರಾ ಅಂತ ಕೇಳಿದರು. ಅದು ಅವರ ನಿಯಮ. ಒಂದು ಪಾಠ ಉಳಿದಿದೆ ಅಂದರು ದೊಡ್ಡತ್ತೆ. ಹಾಗಾದರೆ ಓದಿ ಅಂದರು ಅವರು.

ದೊಡ್ಡತ್ತೆ ಕನ್ನಡಕ ಸರಿ ಮಾಡಿಕೊಂಡರು. "ಇದು ಊರ ಬಾವಿ. ಬಾವಿಯಲ್ಲಿ ಸಿಹಿ ನೀರು ಇದೆ. ಅಕ್ಕ ಕೊಡ ತಂದಳು. ಅಕ್ಕನ ಕೈಯಲ್ಲಿ..." ಅಲ್ಲಿ ನಿಂತರು. ಹಿಂದಿನ ಪಾಠಗಳಲ್ಲಿ ಇಲ್ಲದ ಒತ್ತಕ್ಷರ ಬಂದಿತ್ತು. ಮತ್ತೆ ಮೊದಲಿನಿಂದ ಓದಿದರು, ಮತ್ತೆ ಅಲ್ಲೇ ನಿಂತರು. ಹೇಳಿಬಿಡಲೇ ಅಂತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನ ಗೋಡೆಯ ಬಳಿಯಿಂದ, ಒಂದಕ್ಷರ ಬಾರದ ನಮ್ಮ ಜಗುಲಿಯ ಚಿನ್ನತಾಯಿ ಕೂಗಿದಳು.

"ಅಗ್ಗ ಇರ್ತದೆ ಕಣಕ್ಕಾ, ಬಾವಿಗೆ ಓದ್ಮ್ಯಾಕೆ ಇನ್ನೇನಿರ್ತದೆ?"

ದೊಡ್ಡತ್ತೆ ಪುಟ ನೋಡಿದರು, ಅವಳನ್ನು ನೋಡಿದರು, ಮುಖ ಅರಳಿತು. "ಹಗ್ಗ ಇದೆ," ಅಂತ ಓದಿದರು. ಅಲ್ಲಿಂದ ಮುಂದೆ ಅವರು ಓದುತ್ತಿದ್ದ ಹಾಗೆ ಗೋಡೆಯುದ್ದಕ್ಕೂ ನಿಂತಿದ್ದವರು ತಲೆಯಾಡಿಸುತ್ತಾ, ನಗುತ್ತಾ, ಮುಂದಿನ ಮಾತನ್ನು ತಾವೇ ಮೊದಲು ಹೇಳುತ್ತಾ ಹೋದರು. ಮನೆಯಲ್ಲಿ ಮಾತ್ರ ಇದ್ದ ತಮ್ಮ ಮಾತು ಒಂದು ಕಾಗದದಿಂದ ಎದ್ದು ಬರುವುದನ್ನು ಅವರು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಬಾಗಿಲ ಹತ್ತಿರ ಇದ್ದ ಮಾರಿಯಪ್ಪನವರು ಯಾವಾಗಲೋ ಒಳಗೆ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದರು. ನಾನು ಅಳುತ್ತಿದ್ದೆ, ಹೇಳಲು ನಾಚಿಕೆಯಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ನನಗೆ ಕನ್ನಡದ ಬಗ್ಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಈಶ್ವರನ್ ಪುಸ್ತಕ ಇಸಿದುಕೊಂಡು ಪೆನ್ಸಿಲಿನ ತಾರೀಕುಗಳನ್ನು ಒಂದೊಂದಾಗಿ ನೋಡಿದರು. ಬಟ್ಟೆಗಳನ್ನು ನೋಡಿದರು. ಆಮೇಲೆ ಅಕ್ಟೋಬರಿನ ಚೀಟಿ ಹುಡುಕಿ ತೆಗೆದು, ಚೀಟಿಯಲ್ಲಿ ಬರೆದ ಹೆಸರಿನಲ್ಲಿ ತಿದ್ದಬೇಕಾದ್ದು ಏನೂ ಕಾಣಲಿಲ್ಲ ಅಂತ ತಮಿಳಿನಲ್ಲಿ ಹೇಳಿ, ರಿಜಿಸ್ಟರಿನಲ್ಲಿ ಗುರುತು ಹಾಕಿದರು.

ನವೆಂಬರ್, ಡಿಸೆಂಬರ್ ಕೂಡ ಮುಗಿದವು. ಸಂಕ್ರಾಂತಿಯ ಹೊತ್ತಿಗೆ ಹಲಗೆಯ ಮೇಲೆ ನಾಲ್ಕು ಹೆಸರು ಬಂದವು, ಮೂರನೆಯದು ಸಿದ್ದಲಕ್ಷ್ಮಮ್ಮನವರದು. ಇವತ್ತಿಗೂ ಆ ಕಡೆ ಹೋದರೆ ನಾನು ನಿಂತು ಓದಿಯೇ ಮುಂದೆ ಹೋಗುವುದು. ಆದರೆ ನಾನು ಹೆಚ್ಚು ನೆನೆಯುವುದು ಆ ಭಾನುವಾರ ನಾವು ಮನೆಗೆ ಬಂದ ಮೇಲಿನದನ್ನು. ಜಗುಲಿಯಲ್ಲಿ ಇನ್ನೂ ಬೆಳಕಿತ್ತು. ದೊಡ್ಡತ್ತೆ ಹದಿನೆಂಟನೆಯ ಪಾಠದ ಪುಟ ತೆರೆದು, ಪೆನ್ಸಿಲನ್ನು ಚೆಲ್ಲಮ್ಮಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಬೇಡ ಬೇಡ ಅಂದರು, ಆಮೇಲೆ ಹಿಂದಿನ ಪುಟದಲ್ಲಿ ಅಪ್ಪ ಬರೆದದ್ದನ್ನು ನೋಡಿಕೊಂಡು, ಎರಡಕ್ಷರ ಬರೆಯಲು ಬಹಳ ಹೊತ್ತು ತೆಗೆದುಕೊಂಡರು. 'ಆಯ್ತು'. ತಾರೀಕು ದೊಡ್ಡತ್ತೆ ಬರೆದರು. ಅಜ್ಜಿ ಪುಸ್ತಕವನ್ನು ದೂರ ಹಿಡಿದು ನೋಡಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು.

"ಇವತ್ತು ಅಪ್ಪ ಗುದ್ತಿರ್ಲಿಲ್ಲ," ಅಂದರು.